ಮೂರನೇ ಬಾಗಿಲಿನ ಕೆಂಪು ಅರಿವೆ

ಟಿಂಗ್…

ಅಷ್ಟು ಸಣ್ಣ ಸದ್ದು. ಬಳೆಗೆ ಬಳೆ ತಗುಲಿದ ಹಾಗೆ.

ಹಾಸಿಗೆಯಲ್ಲಿ ಎಚ್ಚರವಾಗಿಯೇ ಇದ್ದ ಲತಾ ಕಿವಿ ನಿಮಿರಿಸಿದಳು. ರಾತ್ರಿ ಹನ್ನೊಂದು ದಾಟಿತ್ತು. ಬ್ಯಾಡಗಿಯ ಹೊರವಲಯದ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನ ಆವರಣದಲ್ಲಿ ಆ ಹೊತ್ತಿಗೆ ಅವಳು ಮತ್ತು ಅವಳ ಅಪ್ಪ ಬಿಟ್ಟರೆ ಇನ್ನೊಂದು ಜೀವ ಇರಬಾರದು. ಅಪ್ಪ ಕೆಮ್ಮಿನ ಔಷಧ ಕುಡಿದು ಮಲಗಿದ್ದ.

ಟಿಂಗ್… ಟಿಂಗ್…

ಪಕ್ಕದ ಗೇಟಿನ ಕೋಣೆಗೆ ಓಡಿದಳು. ಗೋಡೆಯ ಹಲಗೆಯಲ್ಲಿ ನಾಲ್ಕು ಸಣ್ಣ ದೀಪಗಳು, ನಾಲ್ಕು ತಣ್ಣನೆಯ ಖೋಲಿಗಳಿಗೆ ಒಂದೊಂದು. ಮೂರನೆಯದು ಮಿಣುಕುತ್ತಿತ್ತು.

ಮೂರನೇ ಖೋಲಿಯಿಂದ ಯಾರೋ ಗಾಡಿಯನ್ನು ಕರೆಯುತ್ತಿದ್ದಾರೆ!

'ಅಲ್ಲಿ ಯಾರಿರ್ತಾರ? ಒಂದು ತಾಸಿನ ಹಿಂದೆ ನಾನೇ ಬಾಗಿಲು ಭದ್ರ ಮಾಡಿ ಬಂದೆನಲ್ಲ…'

ಹೌದು, ಅವಳೇ. ವಾಚ್‌ಮನ್ ಪ್ರಭುಲಿಂಗಪ್ಪನ ಹೆಸರಿನಲ್ಲಿ ಪ್ರತಿ ರಾತ್ರಿ ಸುತ್ತು ಹಾಕುತ್ತಿದ್ದವಳು ಅವನ ಮಗಳು ಪುಷ್ಪಲತಾ. ಆರು ತಿಂಗಳಿಂದ ಅಪ್ಪನಿಗೆ ಕತ್ತಲಾದ ಮೇಲೆ ಕಣ್ಣು ಕಾಣುತ್ತಿರಲಿಲ್ಲ. ಸಾವ್ಕಾರರಿಗೆ ಗೊತ್ತಾದರೆ ಅಪ್ಪನ ಕೆಲಸ ಹೋಗುತ್ತಿತ್ತು, ಕೆಲಸದ ಜೊತೆ ಈ ಎರಡು ಕೋಣೆಯ ಮನೆಯೂ. ಹಗಲು ಅಲ್ಲೇ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುವ ಬಿ.ಎಸ್ಸಿ. ಓದಿದ ಹುಡುಗಿ, ರಾತ್ರಿ ಟಾರ್ಚ್ ಹಿಡಿದು ಅಪ್ಪನ ಕಣ್ಣಾಗುತ್ತಿದ್ದಳು. ಈ ಗುಟ್ಟು ಇಬ್ಬರಿಗೆ ಮಾತ್ರ ಗೊತ್ತು.

ಹೊರಗೆ ಷೆಡ್ಡಿನಲ್ಲಿ ಕಿತ್ತಳೆ ಬಣ್ಣದ ದೀಪ ಹತ್ತಿತು. ಗಾಡಿ ಹೊರಟಿತು.

ಅದು ಡ್ರೈವರ್ ಇಲ್ಲದ ಗಾಡಿ. ಪುಣೆ ಕಡೆಯ ಕಾರ್ಖಾನೆಯೊಂದು ಮಾರಿದ್ದನ್ನು ಸಾವ್ಕಾರರು ತಿಂಗಳ ಹಿಂದೆ ತರಿಸಿದ್ದರು. ಗೋಡೆಯ ಗುಂಡಿ ಒತ್ತಿದರೆ ನೆಲಕ್ಕೆ ಅಂಟಿಸಿದ ಕಪ್ಪು ಪಟ್ಟಿ ಹಿಡಿದು ತಾನೇ ಬರುತ್ತಿತ್ತು. ಹತ್ತಿರ ಬಂದ ಕೂಡಲೇ ಖೋಲಿಯ ಬಾಗಿಲು ತಾನೇ ಸರಿಯುತ್ತಿತ್ತು. ಎದುರಿಗೆ ಮನುಷ್ಯರು ಕಂಡರೆ ನಿಲ್ಲುತ್ತಿತ್ತು. ಹಮಾಲರು ಅದಕ್ಕೆ ಬಸವ ಎಂದು ಹೆಸರಿಟ್ಟಿದ್ದರು.

ಬರಿಗಾಲಲ್ಲೇ ಲತಾ ಟಾರ್ಚ್ ಹಿಡಿದು ಅದರ ಹಿಂದೆ ನಡೆದಳು.

ಮೂರನೇ ಬಾಗಿಲು ನಿಧಾನವಾಗಿ ಸರಿಯಿತು. ಬಿಳಿ ಹೊಗೆಯಂಥ ತಂಪು ಹೊರಗೆ ನುಗ್ಗಿತು. ಆ ಹೊಗೆಯೊಳಗಿಂದ ಒಂದು ಆಕೃತಿ ಎದ್ದು ಬಂದು, ಗಾಡಿಯ ಕಂಬಿ ಹಿಡಿದು, ತೂರಾಡುತ್ತ ಹೊರಬಂದಿತು!

ಲತಾಳ ಕೈಯ ಟಾರ್ಚ್ ಬಿತ್ತು.

"ಅಂಜಬ್ಯಾಡ್ರಿ… ದೆವ್ವ ಅಲ್ಲ," ಎಂದಿತು ಆ ಆಕೃತಿ. ಹಲ್ಲುಗಳು ಕಟಕಟ ಅನ್ನುತ್ತಿದ್ದವು. "ಮನಶಾನ ಅದೇನಿ. ಒಂದೀಟು ಚಾ… ಸಿಗತೈತೇನ್ರಿ?"

*

ಒಲೆಯ ಹತ್ತಿರ ಕಂಬಳಿ ಹೊದ್ದು ಕೂತವನು ಎರಡನೇ ಲೋಟ ಚಹಾ ಕುಡಿಯುವ ಹೊತ್ತಿಗೆ ತುಟಿಗೆ ಬಣ್ಣ ಬಂತು. ಹೆಸರು ಚೇತನಕುಮಾರ. ಊರು ತುಂಗಭದ್ರೆಯ ದಂಡೆಯ ಕುಮಾರಪಟ್ಟಣ. ಗಾಡಿಯ ಉಳಿದ ವೈರಿಂಗ್ ಮುಗಿಸಲು ಹುಬ್ಬಳ್ಳಿಯ ಕಂಪನಿ ಅವನನ್ನು ಅಂದೇ ಕಳಿಸಿತ್ತು. ಲತಾ ಆ ದಿನ ಎಳ್ಳಮಾವಾಸ್ಯೆಯ ಚರಗ ಚೆಲ್ಲಿ ಭೂಮಿಪೂಜೆ ಮಾಡಲೆಂದು ಅಗಡಿಯ ಅತ್ತೆಯ ಹೊಲಕ್ಕೆ ಹೋಗಿದ್ದಳು. ಹಾಗಾಗಿ ಅವನು ಬಂದದ್ದು ಗೊತ್ತಿರಲಿಲ್ಲ. ಕತ್ತಲಾದ ಮೇಲೆ ಯಾರು ಹೊರಗೆ ಹೋದರು, ಯಾರು ಉಳಿದರು ಎಂಬುದು ಗೇಟಿನಲ್ಲಿದ್ದ ಅಪ್ಪನಿಗೆ ಕಾಣುವಂತಿರಲಿಲ್ಲ.

"ಹೆಂಗ ಹೊರಗ ಬಂದ್ರಿ?" ಲತಾ ಮೆಲ್ಲನೆ ಕೇಳಿದಳು.

"ಬಾಗಲಾ ನನ್ನ ಮಾತ ಕೇಳಲಿಲ್ರಿ. ಅದು ಬಸವನ ಮಾತ ಅಷ್ಟ ಕೇಳೂದು. ಅದಕ್ಕ ಬಸವನ್ನ ಕರದೆ." ಅವನು ನಕ್ಕ. "ಒಳಗಿನ ಗುಂಡಿ ಇನ್ನೂ ಕೂಡಿಸಿದ್ದಿಲ್ಲ. ಅದನ್ನ ಕೂಡಸಾಕಂತನ ಹೋಗಿದ್ದೆ. ಕೈ ಸೆಟದು ಹೋಗಿದ್ವು, ಇಕ್ಕಳ ಹಿಡ್ಯಾಕ ಆಗಲಿಲ್ಲ. ಹಲ್ಲಿಲೆ ತಂತಿ ಸುಲದು ಒಂದಕ್ಕೊಂದು ಮುಟ್ಟಿಸಿದೆ… ಮುಟ್ಟಿಸಿದಾಗೊಮ್ಮೆ ಟಿಂಗ್ ಅಂದಿರಬೇಕಲಾ?"

"ಅಂತು…"

"ನೀವು ಕೇಳಿದ್ರಿ. ಬಾಳ ಸಣ್ಣ ಸಪ್ಪಳ ಅದು. ಎಲ್ಲಾರಿಗೂ ಕೇಳೂದಿಲ್ಲ."

ಅವಳು ತಲೆ ತಗ್ಗಿಸಿದಳು.

"ಒಂದು ಮಾತ ತಿಳೀವಲ್ದು," ಅವನು ಹುಬ್ಬು ಗಂಟಿಕ್ಕಿದ. "ಬಾಗಲಾ ಕೈಲೆ ತೆಗಿಯೂ ಹಂಗ ಸ್ವಿಚ್ ಇಟ್ಟು, ಅದರ ಮ್ಯಾಲ ಕೆಂಪ ಅರಿವಿ ಕಟ್ಟಿದ್ದೆ. ಒಳಗ ಮನಶಾ ಅದಾನ, ಮುಟ್ಟಬ್ಯಾಡ್ರಿ ಅಂತ ಅದರ ಗುರ್ತು. ಅಷ್ಟಿದ್ದೂ ಯಾರ ತಿರುವಿದ್ರೋ…"

ಲತಾ ಒಲೆಯ ಕಡೆಯಿಂದ ತಲೆಯೆತ್ತಿದಳು.

ಕೆಂಪು ಅರಿವೆ…

ಅಂದು ಅಮಾವಾಸ್ಯೆ. ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಹೆಂಗಸರು ಎಲ್ಲ ಯಂತ್ರಗಳಿಗೂ ಪೂಜೆ ಮಾಡಿದ್ದರು. ತೂಕದ ಕಾಟಾ, ಚೀಲ ಹೊಲಿಯುವ ಮಷೀನು, ಬಸವನ ಕೊರಳು… ಎಲ್ಲಕ್ಕೂ ಕೆಂಪು ಖಣದ ಬಟ್ಟೆಯ ಚೂರು ಕಟ್ಟಿದ್ದರು. ರಾತ್ರಿ ಸುತ್ತಿನಲ್ಲಿ ಮೂರನೇ ಬಾಗಿಲಿನ ಸ್ವಿಚ್ಚಿಗೂ ಒಂದು ಕೆಂಪು ಅರಿವೆ ಕಂಡಿತ್ತು. ದೇವರ ಅರಿವೆ ಎಂದುಕೊಂಡು ಅವಳು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದಳು. ಆಮೇಲೆ ಅದರ ಕೆಳಗಿನ ಸ್ವಿಚ್ಚನ್ನು ದಿನದಂತೆ, ಬಾಗಿಲು ಕೈಯಿಂದ ತೆರೆಯದ ಹಾಗೆ, ಗಾಡಿಯ ಕಡೆಗೆ ತಿರುಗಿಸಿದ್ದಳು.

ಕೈ ಮುಗಿದು ಒಬ್ಬ ಮನುಷ್ಯನನ್ನು ಮಂಜಿನೊಳಗೆ ಕೂಡಿ ಹಾಕಿದ್ದಳು!

"ಬಾ… ಬಾಗಲಾ ಬರೋಬ್ಬರಿ ಮುಚ್ಚೇತೇನು ನೋಡಿ ಬರತೇನಿ," ಎಂದು ಎದ್ದು ಓಡಿದಳು.

ಅರಿವೆ ಅಲ್ಲೇ ಇತ್ತು. ಟಾರ್ಚಿನ ಬೆಳಕಲ್ಲಿ ನೋಡಿದಳು. ಅದರಲ್ಲಿ ಕುಂಕುಮವಿಲ್ಲ, ಅಕ್ಷತೆಯಿಲ್ಲ. ಗ್ರೀಸಿನ ವಾಸನೆ. ತಂತಿಯಿಂದ ಬಿಗಿದ ಗಂಟು. ಹೇಗೆ ಕಾಣಲಿಲ್ಲ ತನಗೆ?

'ಗೊತ್ತಾದ್ರ ಕೇಳ್ತಾರ… ರಾತ್ರಿ ಸುತ್ತು ಹಾಕಿದ್ದು ಯಾರು ಅಂತ ಕೇಳ್ತಾರ. ಅಪ್ಪಗ ಕಾಣೂದಿಲ್ಲ ಅನ್ನೂದು ಹೊರಗ ಬರತೈತಿ…'

ಅವಳ ಬೆರಳುಗಳು ಅವಳನ್ನು ಕೇಳಲಿಲ್ಲ. ಗಂಟು ಬಿಚ್ಚಿದವು. ಅರಿವೆ ಸೊಂಟಕ್ಕೆ ಸೇರಿತು.

ಸ್ವಲ್ಪ ಹೊತ್ತಿಗೆ ಅವನೂ ಬಂದ. ಸ್ವಿಚ್ಚಿನ ಮುಂದೆ ನಿಂತ. ಕೆಳಗೆ, ಬಾಗಿಲ ಸಂದಿಯಲ್ಲಿ, ಚೀಲಗಳ ಹಿಂದೆ ಹುಡುಕಿದ.

"ಇಲ್ಲೇ ಕಟ್ಟಿದ್ದೆ," ಎಂದ. ಆಮೇಲೆ ದನಿ ಸಣ್ಣದಾಯಿತು. "ಕಟ್ಟಿದ್ನಿಲ್ಲೋ…?"

ಆಗಲೇ ಹೇಳಬಹುದಿತ್ತು. ಒಂದೇ ಮಾತು.

ಲತಾ ಹೇಳಲಿಲ್ಲ.

*

ಮರುದಿನ ಬೆಳಿಗ್ಗೆ ಶಂಭುಲಿಂಗ ಸಾವ್ಕಾರರು ಆಫೀಸಿನಲ್ಲಿ ಹಾರಾಡಿದರು.

"ಗುರ್ತಿನ ಅರಿವಿ ಕಟ್ಟದ ಒಳಗ ಹೋಗ್ತೀರಿ, ಸತ್ರ ನಮ್ಮ ಕೊರಳಿಗೆ ಬರತೈತಿ! ಹುಬ್ಬಳ್ಳಿಯವ್ರು ಹಿಂಥಾವ್ರನ್ನ ಕಳಸ್ತಾರೇನು?"

"ಕಟ್ಟಿದ್ದೆ ಅನಸತೈತ್ರಿ…"

"ಅನಸತೈತಿ ಅಂದ್ರ? ಏ ಪ್ರಭುಲಿಂಗಪ್ಪಾ, ರಾತ್ರಿ ಸುತ್ತು ಹಾಕೂ ಮುಂದ ಅರಿವಿ ಕಂಡಿತ್ತೇನ ನಿನಗ?"

ಲತಾ ಕಂಪ್ಯೂಟರಿನ ಹಿಂದೆ ಉಸಿರು ಬಿಗಿಹಿಡಿದಳು. ಅಪ್ಪ ಕೈ ಕಟ್ಟಿ ನಿಂತಿದ್ದ.

"ಇಲ್ರಿ ಸಾವ್ಕಾರ್ರ. ನನಗೇನೂ ಕಾಣಲಿಲ್ಲ."

ಅದರಷ್ಟು ನಿಜವಾದ ಮಾತು ಬೇರೆ ಇರಲಿಲ್ಲ. ಅದರಷ್ಟು ದೊಡ್ಡ ಸುಳ್ಳೂ ಇರಲಿಲ್ಲ.

ಹುಬ್ಬಳ್ಳಿಯಿಂದ ಫೋನಿನಲ್ಲೇ ಎಚ್ಚರಿಕೆ ಬಂತು. ಇನ್ನೊಂದು ಸಲ ಹೀಗಾದರೆ ಚೇತನಕುಮಾರನಿಗೆ ಕೆಲಸವಿಲ್ಲ.

ಮಧ್ಯಾಹ್ನ ಅವನು ಅವಳ ಮೇಜಿನ ಮುಂದೆ ಬಂದು ನಿಂತ. 'ಗೊತ್ತಾತು… ಗೊತ್ತಾಗೇಬಿಟ್ತು!'

"ಒಂದು ಉಪಕಾರ ಮಾಡ್ತೀರೇನ್ರಿ?" ಎಂದ. ಕೈಯಲ್ಲಿ ಹೊಸ ಕೆಂಪು ಅರಿವೆ ಇತ್ತು. "ದಿನಾ ನಾ ಒಳಗ ಹೋಗೂಕಿಂತ ಮೊದಲ ಇದನ್ನ ಕಟ್ಟತೇನಿ. ನೀವು ಬಂದು ಒಂದ್ಸಲ ನೋಡ್ರಿ. ನೀವು 'ಕಟ್ಟೇತಿ' ಅಂದ್ರ ಕಟ್ಟೇತಿ. ನನ್ನ ನೆನಪಿನ ಮ್ಯಾಲ ನನಗ ಭರೋಸಾ ಉಳದಿಲ್ಲ."

"ನಾ… ನಾನ ಯಾಕ್ರಿ?"

"ಆ ಸಣ್ಣ ಸಪ್ಪಳ ಕೇಳಿದಾಕಿ ನೀವು. ನಿಮ್ಮ ಕಣ್ಣು ಕಿವಿ ಖರೇ ಅದಾವ."

ಇದಕ್ಕಿಂತ ಅವನು ಬೈದಿದ್ದರೆ ಚೆನ್ನಾಗಿತ್ತು ಅನಿಸಿತು ಅವಳಿಗೆ.

*

ಹಾಗೆ ದಿನವೂ ಅವನು ಅರಿವೆ ಕಟ್ಟುವುದು, ಅವಳು ನಿಂತು ನೋಡುವುದು ಶುರುವಾಯಿತು.

"ಕಟ್ಟೇತಿ?"

"ಕಟ್ಟೇತ್ರಿ."

ಅಷ್ಟೇ ಮಾತು. ಆದರೆ ತುಂಬು ಬಿಡಿಸುವ ಹೆಂಗಸರಿಗೆ ಅಷ್ಟು ಸಾಕಾಗಿತ್ತು.

"ಏನ ಬೇಟೀ," ಖತೀಜಾಬಿ ಮೆಣಸಿನಕಾಯಿ ರಾಶಿಯ ಹಿಂದಿನಿಂದ ಕೂಗಿದಳು, "ಅವ ಕಟ್ಟತಾನ, ನೀ ನೋಡತೀ. ತಾಳಿ ಕಟ್ಟೂದಕ್ಕ ಪ್ರಾಕ್ಟೀಸ್ ನಡಿಸೀರೇನು?"

ಹೆಂಗಸರೆಲ್ಲ ಘೊಳ್ಳೆಂದು ನಕ್ಕರು. ನಗೆಯ ಜೊತೆ ಘಾಟು ಮೂಗಿಗೇರಿ ಅರ್ಧ ಜನ ಸೀನಿದರು.

"ಸುಮ್ಕುಂದ್ರ ಚಾಚೀ…" ಲತಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಓಡಿದಳು.

ಇನ್ನೊಂದು ದಿನ ಬಸವ ದಾರಿಯ ನಡುವೆ ನಿಂತುಬಿಟ್ಟಿತು. ಎಷ್ಟು ಗುಂಡಿ ಒತ್ತಿದರೂ ಅಲುಗಲಿಲ್ಲ. ಚೇತನ ಮಂಡಿಯೂರಿ ನೋಡಿದ. ಅದರ ಮುಖದ ಗಾಜಿನ ತುಂಬ ಮೂರು ಬೆರಳ ವಿಭೂತಿ!

"ಯಾರ ಹಚ್ಚೀರಿ ಇದನ್ನ?"

"ನಾನ ಹಚ್ಚೇನಪಾ," ಎಂದಳು ಗದಿಗೆವ್ವ ಸೊಂಟದ ಮೇಲೆ ಕೈಯಿಟ್ಟು. "ಇವತ್ತು ಸ್ವಾಮಾರ, ಬಸವಣ್ಣನ ವಾರ. ಬಸವನ ಹಣಿಗೆ ಹಚ್ಚದ ಮತ್ತ್ಯಾರಿಗೆ ಹಚ್ಚಲಿ?"

"ಯವ್ವಾ, ಅದು ಹಣಿ ಅಲ್ಲ, ಕಣ್ಣು! ಎದುರಿಗೆ ನೀ ಕುಂತೀ ಏನ ಅಂತ ಅವ ಅದರಿಂದನ ನೋಡೂದು. ಕಾಣದಿದ್ರ ಹೆಂಗ ನಡೀತಾನ? ಕಾಣೂದಿಲ್ಲ ಅಂದ್ರ ಕಾಣೂದಿಲ್ಲ ಅಂತ ನಿಂತ ಬಿಡತಾನ. ಅಷ್ಟ ಪ್ರಾಮಾಣಿಕ."

ಎಲ್ಲರೂ ನಕ್ಕರು. ಲತಾಳಿಗೆ ನಗು ಬರಲಿಲ್ಲ.

ಅವಳು ಅವನನ್ನು ಗಮನಿಸುತ್ತಿದ್ದಳು. ಗಮನಿಸುವುದು ಅವಳ ಸ್ವಭಾವ. ಅವನು ಒಳಗಿನ ಗುಂಡಿಗಳನ್ನೆಲ್ಲ ಕೂಡಿಸಿದ. ಸ್ವಿಚ್ ಯಾವ ಕಡೆಗಿದ್ದರೂ ಒಳಗಿದ್ದ ಮನುಷ್ಯ ಒತ್ತಿದರೆ ಬಾಗಿಲು ತೆರೆಯುವ ಹಾಗೆ ಮಾಡಿದ. ಮಾಡಿದ್ದನ್ನು ಹತ್ತು ಸಲ ನೋಡುತ್ತಿದ್ದ. ತಂತಿ ಬಿಗಿದ ಮೇಲೆ ಮತ್ತೆ ಬಿಚ್ಚುತ್ತಿದ್ದ. ಮೊದಲ ದಿನ ಹಲ್ಲಿನಿಂದ ತಂತಿ ಸುಲಿದು ಬದುಕಿ ಬಂದಿದ್ದ ಆ ಗಟ್ಟಿ ಮನುಷ್ಯ, ಈಗ ತಾನು ಉಳಿದುಕೊಂಡಿದ್ದ ರೂಮಿನ ಬೀಗ ಹಾಕಿ ಹತ್ತು ಹೆಜ್ಜೆ ನಡೆದು, ಹಿಂದೆ ಹೋಗಿ ಬೀಗ ಎಳೆದು ನೋಡುತ್ತಿದ್ದ.

'ನಾ ಇವರಿಂದ ಏನ ಕಸಗೊಂಡೆ…?'

ಅವನ ಮೇಲೆ ಮನಸ್ಸು ಹೋದದ್ದು ಯಾವಾಗ ಎಂದು ಅವಳಿಗೆ ತಿಳಿಯಲಿಲ್ಲ. ಅವಳ ಡಬ್ಬಿಯ ಜೋಳದ ರೊಟ್ಟಿಯಲ್ಲಿ ಅರ್ಧ ಮುರಿದುಕೊಂಡು, "ನಮ್ಮವ್ವನ ಕೈಯಾಗಿನ ರೊಟ್ಟಿ ಹಿಂಗ ಇರತಿತ್ತು" ಎಂದ ದಿನವಿರಬೇಕು. ಅಥವಾ ಅದಕ್ಕೂ ಮೊದಲು, ಮಂಜಿನೊಳಗಿಂದ ಬಂದು ಚಹಾ ಕೇಳಿದಾಗಲೇ…

ಪ್ರೀತಿ ಬೆಳೆದಷ್ಟೂ ಟ್ರಂಕಿನ ತಳದಲ್ಲಿದ್ದ ಆ ಅರಿವೆ ಭಾರವಾಗುತ್ತಿತ್ತು.

*

ಹದಿನೇಳನೇ ದಿನ. ಹಾವೇರಿಯಲ್ಲಿ ಅವಳಿಗೆ ಆಫೀಸಿನ ಕೆಲಸವಿತ್ತು, ಅವನಿಗೆ ವೈರು ಕೊಳ್ಳುವುದಿತ್ತು. ಒಂದೇ ಬಸ್ಸು. ತಿರುಗಿ ಬರುವಾಗ ಒಂದೇ ಸೀಟು ಸಿಕ್ಕಿತು. ನಡುವೆ ವೈರಿನ ಸುರುಳಿ ಇಟ್ಟುಕೊಂಡು ಇಬ್ಬರೂ ಕೂತರು.

"ನಾ ಈ ಕೆಲಸ ಬಿಡಾಕತ್ತೇನ್ರಿ," ಎಂದ ಅವನು ಇದ್ದಕ್ಕಿದ್ದ ಹಾಗೆ.

"ಯಾಕ್ರಿ!"

ಅವನು ಕಿಟಕಿಯ ಹೊರಗೆ ನೋಡಿದ. ಕೊಯ್ದ ಜೋಳದ ಹೊಲಗಳು ಹಿಂದೆ ಓಡುತ್ತಿದ್ದವು.

"ನಮ್ಮವ್ವ ಪ್ರೇಮವ್ವ. ನಲವತ್ತೈದು ದಾಟಿದ್ದಿಲ್ಲ, ಮರಿಯಾಕ ಶುರು ಮಾಡಿದ್ಲು. ಮೊದಲ ಸಾರಿಗೆ ಎರಡ ಸಲ ಉಪ್ಪು. ಎಲ್ಲಾರೂ ನಕ್ಕಿವಿ. ಆಮ್ಯಾಲ ಸಂತಿಗೆ ಹೋದಾಕಿ ಮನಿ ದಾರಿ ಮರತ್ಲು. ಹ್ವಾದ ವರ್ಷ ನಾ ಊರಿಗೆ ಹೋದಾಗ ನನ್ನ ಮಾರಿ ನೋಡಿ, 'ನೀ ಯಾರ ಮಗಾಪಾ, ಉಂಡೀ ಏನು?' ಅಂತ ಕೇಳಿದ್ಲು."

ಲತಾಳ ಕಣ್ಣು ತುಂಬಿತು.

"ಅದು ಹಿಂಗ ಸಣ್ಣದರಿಂದ ಶುರುವಾಗತೈತ್ರಿ. ಕಟ್ಟಲಾರದ್ದನ್ನ ಕಟ್ಟೇನಿ ಅನಸೂದು. ನನಗ ಕಣ್ಣಿಗೆ ಕಟ್ಟಿದಂಗ ಐತಿ, ಆ ರಾತ್ರಿ ನಾ ಗಂಟ ಹಾಕಿದ್ದು, ತಂತಿ ಸುತ್ತಿದ್ದು… ಆದ್ರ ಅಲ್ಲಿ ಅರಿವೀನ ಇಲ್ಲ! ಅಂದ್ರ ನನಗೂ ಶುರು ಆಗೇತಿ."

"ಇಲ್ರಿ! ಹಂಗ ಅನಬ್ಯಾಡ್ರಿ…"

"ನಿಮ್ಮನ್ನ ಒಂದ ಮಾತ ಕೇಳಬೇಕಂತ ಮಾಡಿದ್ದೆ," ಎಂದ ಅವನು. "ಕೇಳೂದಿಲ್ಲ. ನಾಳೆ ನಿಮ್ಮ ಹೆಸರ ಮರಿಯೂ ಮನಶಾ ಇವತ್ತ ಏನಂತ ಕೇಳ್ಯಾನು?"

ಲತಾ ಬಾಯಿ ತೆರೆದಳು. 'ಹೇಳು… ಈಗಲೇ ಹೇಳು!' ಎಂದಿತು ಮನಸ್ಸು. ಕಣ್ಣ ಮುಂದೆ ಅಪ್ಪ ಬಂದ, ಗೋಡೆ ಸವರಿಕೊಂಡು ಬಚ್ಚಲಿಗೆ ಹೋಗುವ ಅಪ್ಪ.

ಬ್ಯಾಡಗಿ ಬಂತು. ಅವನು ಇಳಿದು ಹೋದ.

*

ಆ ರಾತ್ರಿ ಅವಳು ಉಣ್ಣಲಿಲ್ಲ. ತಟ್ಟೆಯ ಸದ್ದಾಗದಿದ್ದುದು ಅಪ್ಪನಿಗೆ ತಿಳಿಯಿತು.

"ಏನ ಮುಚ್ಚಿಟ್ಟೀ ತಂಗೀ? ಎರಡ ವಾರದಿಂದ ನಿನ್ನ ದನಿ ಬದಲಾಗೇತಿ. ನನಗ ಕಾಣೂದಿಲ್ಲ, ಕೇಳತೈತಿ."

ಅವಳು ಬಿಕ್ಕಿ ಬಿಕ್ಕಿ ಅಳುತ್ತ ಎಲ್ಲವನ್ನೂ ಹೇಳಿದಳು. ಪ್ರಭುಲಿಂಗಪ್ಪ ಕೈ ಚಾಚಿ ಅವಳ ತಲೆ ಹುಡುಕಿ ಸವರಿದ.

"ನನ್ನ ಕಣ್ಣ ಮುಚ್ಚಿಡಾಕ ಇನ್ನೊಬ್ಬರ ತಲಿ ಕೆಡಿಸಿದ್ಯಾ ಯವ್ವಾ?" ಎಂದ ಕೊನೆಗೆ. ಬೈಗುಳವಲ್ಲ ಅದು. ಅದಕ್ಕೇ ಹೆಚ್ಚು ಚುಚ್ಚಿತು.

"ಮನಿ ಹೋಗತೈತಿ ಅಪ್ಪಾ…"

"ಹೋಗಲಿ. ನಾ ಮೊದಲ ಹೇಳಬೇಕಿತ್ತು, ಅಂಜಿದೆ. ನಾಳೆ ಮೊದಲ ಆ ಹುಡುಗಗ ಹೇಳು. ಆಮ್ಯಾಲ ಸಾವ್ಕಾರಗ. ಅಲ್ಲಿ ನಾನೂ ಬರತೇನಿ."

*

ಮರುದಿನ ಷೆಡ್ಡಿನಲ್ಲಿ ಯಾರೂ ಇಲ್ಲದ ಹೊತ್ತಿಗೆ ಅವಳು ಅವನ ಅಂಗೈಯಲ್ಲಿ ಆ ಹಳೆಯ ಅರಿವೆಯನ್ನು ಇಟ್ಟಳು. ತಂತಿಯ ಚೂರು ಇನ್ನೂ ಅದಕ್ಕೆ ಅಂಟಿಕೊಂಡಿತ್ತು.

"ನೀವು ಕಟ್ಟಿದ್ರಿ," ಎಂದಳು. "ನಾ ಪೂಜಿ ಅರಿವಿ ಅಂತ ತಿಳಕೊಂಡು ಸ್ವಿಚ್ ತಿರುವಿದೆ. ಆಮ್ಯಾಲ ಅಂಜಿ ಬಿಚ್ಚಿಟ್ಟೆ. ಅಪ್ಪಗ ರಾತ್ರಿ ಕಣ್ಣ ಕಾಣೂದಿಲ್ರಿ. ಸುತ್ತು ನಾನ ಹಾಕತೇನಿ. ನೀವೇನೂ ಮರತಿಲ್ಲ… ಏನೂ ಮರತಿಲ್ಲ!"

ಅವನು ಅರಿವೆಯನ್ನು ತಿರುಗಿಸಿ ನೋಡಿದ. ಮುಖ ಅರಳಿತು.

"ನಾ ಕಟ್ಟಿದ್ದೆ," ಎಂದ ಪಿಸುಮಾತಿನಲ್ಲಿ. ಆಮೇಲೆ ಜೋರಾಗಿ, "ನಾ ಕಟ್ಟಿದ್ದೆ!" ಎಂದು ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡ. ಒಂದು ಕ್ಷಣ ಅವಳೂ ನಕ್ಕಳು.

ಮರುಕ್ಷಣ ಅವನ ನಗು ನಿಂತಿತು.

"ಹದಿನೆಂಟ ದಿನ," ಎಂದ.

ಅರಿವೆಯನ್ನು ಮಡಿಚಿ ಜೇಬಿಗಿಟ್ಟುಕೊಂಡ.

"ಕೂಡಿ ಹಾಕಿದ್ದಕ್ಕ ನನಗ ಸಿಟ್ಟಿಲ್ಲ. ತಪ್ಪ ಆಗತೈತಿ. ಆದ್ರ ಹದಿನೆಂಟ ದಿನ ನನ್ನ ಬಾಜೂಕ ನಿಂತ್ರಿ ನೀವು. 'ಕಟ್ಟೇತಿ' ಅಂದ್ರಿ. ನಾ ನನ್ನ ತಲಿಗೆ ಅಂಜಿ ಸಾಯೂದನ್ನ ನೋಡಿದ್ರಿ. ನಿನ್ನಿ ಬಸ್ಸಿನ್ಯಾಗ ನಮ್ಮವ್ವನ ಸುದ್ದಿ ಹೇಳಿದಾಗೂ…"

"ಕ್ಷಮಾ ಮಾಡ್ರಿ…"

"ಆಗವಲ್ದು ನನಗ," ಎಂದು ಅವನು ಹೊರಟುಹೋದ.

ಸಂಜೆಯ ಹೊತ್ತಿಗೆ ಕೆಲಸ ಮುಗಿಯಿತೆಂದು ಸಹಿ ಹಾಕಿ, ಚೀಲ ಹೆಗಲಿಗೇರಿಸಿ ಊರಿಗೆ ಹೋದ. ಗೇಟು ದಾಟುವಾಗ ಹಿಂದೆ ತಿರುಗಿ ನೋಡಲಿಲ್ಲ.

ಅವಳು ಅಪ್ಪನ ಕೈ ಹಿಡಿದು ಸಾವ್ಕಾರರ ಮುಂದೆ ನಿಂತಳು. ಎಲ್ಲವನ್ನೂ ಹೇಳಿದಳು.

ಸಾವ್ಕಾರರು ಮೇಜು ಗುದ್ದಿದರು. ಕೂಗಿದರು. ಆಮೇಲೆ ಪ್ರಭುಲಿಂಗಪ್ಪನ ಮುಖವನ್ನೇ ದಿಟ್ಟಿಸಿ ಕೂತರು.

"ಇಪ್ಪತ್ತೆರಡ ವರ್ಷ ಕಾದೀಯಲ್ಲೋ ಮಾರಾಯಾ, ಕಣ್ಣ ಕಾಣವಲ್ದು ಅಂತ ಒಂದ ಮಾತ ಹೇಳಾಕ ಬಾಯಿ ಬರಲಿಲ್ಲೇನ?" ಎಂದರು. "ನಾಳಿಂದ ರಾತ್ರಿ ಪಾಳಿಗೆ ಹಮಾಲ ಡಾಕಪ್ಪ ಬರ್ತಾನ. ನೀ ಕಣ್ಣ ತೋರಿಸ್ಕೋ. ಕಣ್ಣ ಬಂದ್ರ ಹಗಲ ಗೇಟ ನಿಂದು. ಬರಲಿಲ್ಲಂದ್ರ ಯುಗಾದಿಗೆ ಮನಿ ಖಾಲಿ ಮಾಡು. ಇಷ್ಟ ನಾ ಮಾಡಬಹುದು. ಇನ್ನ ನೀನವಾ… ಹುಬ್ಬಳ್ಳಿ ಕಂಪನಿಗೆ ಪತ್ರ ಬರಿ. ಆ ಹುಡುಗನ ಮ್ಯಾಲಿನ ಕಳಂಕ ನೀನ ತಗೀಬೇಕು."

ಅವಳು ಬರೆದಳು. ಒಂದೊಂದು ಮಾತನ್ನೂ ತೂಗಿ ಬರೆದಳು. 'ಗೊತ್ತಿರಲಿಲ್ಲ' ಎಂದು ಬರೆದು ಹೊಡೆದು ಹಾಕಿದಳು. 'ಹೆದರಿ ಮುಚ್ಚಿಟ್ಟೆ' ಎಂದು ಬರೆದಳು. ನಾಲ್ಕು ಪುಟವಾಯಿತು. ಅದರಲ್ಲಿ ತನಗಾಗಿ ಒಂದು ಸಾಲೂ ಬೇಡಿಕೊಳ್ಳಲಿಲ್ಲ.

*

ರಾಣೆಬೆನ್ನೂರಿನ ಕಣ್ಣಿನ ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, "ಪೊರೆ ಬಾಳ ಬಲಿತೈತಿ, ತಗದ್ರ ಕಾಣತೈತಿ" ಎಂದರು. ಒಂದು ಕಣ್ಣಿನ ಆಪರೇಷನ್ ಆಯಿತು. ಆ ರಾತ್ರಿ ಅಲ್ಲೇ ಇರಬೇಕಾಯಿತು.

ಸಂಜೆ. ಪ್ರಭುಲಿಂಗಪ್ಪ ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿಸಿಕೊಂಡು ಮಂಚದ ಮೇಲೆ ಅಂಗಾತ ಮಲಗಿದ್ದ. ಲತಾ ಪಕ್ಕದ ಬೆಂಚಿನಲ್ಲಿ ಮೋಸಂಬಿ ಸುಲಿಯುತ್ತಿದ್ದಳು.

"ಕಾಕಾ ಮಲಗ್ಯಾರೇನ್ರಿ?"

ಮೋಸಂಬಿ ಉರುಳಿ ಮಂಚದ ಕೆಳಗೆ ಹೋಯಿತು.

ಬಾಗಿಲಲ್ಲಿ ಚೇತನ ನಿಂತಿದ್ದ. ಕೈಯಲ್ಲಿ ಮಡಿಚಿ ಮಡಿಚಿ ಮೆತ್ತಗಾದ ಕಾಗದ.

"ಕಂಪನಿಯವ್ರು ನಿಮ್ಮ ಪತ್ರದ ಝೆರಾಕ್ಸ್ ಕಳಸಿದ್ರು," ಎಂದು ಬೆಂಚಿನ ಇನ್ನೊಂದು ತುದಿಗೆ ಕೂತ. "ಬ್ಯಾಡಗಿಗೆ ಹೋಗಿದ್ದೆ. ಖತೀಜಾಬಿ ಚಾಚಿ ಹೇಳಿದ್ರು, ನೀವು ಇಲ್ಲಿ ಅದೀರಿ ಅಂತ. ನಾ ಕೇಳೂಕಿಂತ ಮೊದಲ ಹೇಳಿದ್ರು!"

ಅವಳಿಗೆ ನಗು, ಅಳು ಒಟ್ಟಿಗೆ ಬಂದವು.

"ಸಿಟ್ಟು ಹೋತೇನ್ರಿ?"

"ಹನ್ನೆರಡ ದಿನ ಹಿಡೀತು. ನೀವು ಹದಿನೆಂಟ ತಗೊಂಡಿದ್ರಿ. ನನಗ ಇನ್ನೂ ಆರ ಬರಬೇಕು."

"ಆ ಆರ ದಿನ ಏನ ಮಾಡ್ತೀರಿ?"

"ಬಾಜೂಕ ಕುಂತು ಸಿಟ್ಟ ಮಾಡತೇನಿ."

ಹೊರಗೆ ಬಸ್ಸೊಂದು ಹಾರ್ನ್ ಹೊಡೆದು ಹೋಯಿತು.

"ಲತಾ," ಎಂದ ಅವನು. ಮೊದಲ ಸಲ ಬರೀ ಹೆಸರು. "ಈ ಸಲ ನಾ ಮರತಿದ್ದಿಲ್ಲ, ಖರೆ. ಆದ್ರ ನಮ್ಮವ್ವನ ರೋಗ ಮುಂದ ನನಗ ಬಂದರೂ ಬಂದೀತು. ಡಾಕ್ಟರ್ನ ಕೇಳೇನಿ. 'ಬರೂದಿಲ್ಲ ಅಂತ ಹೇಳಾಕ ಆಗೂದಿಲ್ಲ' ಅಂದ್ರು. ಇದನ್ನ ಮುಚ್ಚಿಟ್ಟು ನಿಮ್ಮನ್ನ ಏನೂ ಕೇಳಬಾರದು ಅಂತ ಬಂದೇನಿ."

"ಮರತ್ರ ನಾ ನೆನಪ ಮಾಡಿ ಕೊಡತೇನಿ," ಎಂದಳು ಅವಳು. ಆಮೇಲೆ ತಡೆದು ತಡೆದು ಕೇಳಿದಳು. "ಆದ್ರ… ನಾ ಹೇಳಿದ್ದನ್ನ ನೀವು ನಂಬತೀರೇನ್ರಿ? ಒಮ್ಮೆ ಸುಳ್ಳು ನಡಸಿದಾಕಿ ನಾ."

ಅವನು ಕಾಗದ ಬಿಡಿಸಿದ. ಹೊಡೆದು ಹಾಕಿದ ಸಾಲಿನ ಮೇಲೆ ಬೆರಳಿಟ್ಟ.

"ಇಲ್ಲಿ 'ಗೊತ್ತಿರಲಿಲ್ಲ' ಅಂತ ಬರದು ಹೊಡದ ಹಾಕೀರಿ. ಅದನ್ನ ಹಂಗ ಬಿಟ್ಟಿದ್ರ ಯಾರೂ ನಿಮ್ಮನ್ನ ಕೇಳತಿದ್ದಿಲ್ಲ. ಬಿಡಲಿಲ್ಲ ನೀವು." ಅವನು ಅವಳ ಕಣ್ಣು ನೋಡಿದ. "ನಂಬತೇನಿ. ನನ್ನ ತಲಿಕಿಂತ ಹೆಚ್ಚ ನಂಬತೇನಿ."

ಲತಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

"ಕೇಳೂದಿಲ್ಲ ಅಂದಿದ್ದ ಮಾತ ಕೇಳ್ಲೇನು ಈಗ?"

"ಅಪ್ಪ ಎದ್ದ ಮ್ಯಾಲ ಅವರ ಮುಂದ ಕೇಳ್ರಿ…"

"ಅವರನ್ನ ಆಮ್ಯಾಲ. ಹಿರಿಯಾರನ್ನ ಕರಕೊಂಡ ಬಂದು ರೀತಿ ಪ್ರಕಾರ ಕೇಳತೇನಿ. ಮೊದಲ ನಿಮ್ಮನ್ನ."

ಬೆರಳುಗಳ ಸಂದಿಯಿಂದ ಅವಳ ದನಿ ಬಂತು, ಕೇಳಿಸಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ.

"ಹೂಂ."

"ನಾ ಇನ್ನೂ ಕೇಳೇ ಇಲ್ಲಲಾ!"

"ಕೇಳ್ರಿ ಹಂಗಾರ. ಹೂಂ ಅಂತ ಆಗಲೇ ಹೇಳೇನಿ."

ಅವನು ನಕ್ಕ. ಅವಳ ಕೈಯನ್ನು ಮುಖದಿಂದ ಮೆಲ್ಲನೆ ಸರಿಸಿ, ತನ್ನ ಕೈಯಲ್ಲೇ ಇಟ್ಟುಕೊಂಡ.

ಮಂಚದ ಮೇಲೆ ಪ್ರಭುಲಿಂಗಪ್ಪ ಎಚ್ಚರವಾಗಿದ್ದ. ಮೊದಲಿನಿಂದ ಕೊನೆಯವರೆಗೆ ಒಂದು ಮಾತೂ ತಪ್ಪದೆ ಕೇಳಿದ್ದ. ಪಟ್ಟಿಯೊಳಗೆ ಕಣ್ಣು ಒದ್ದೆಯಾಗುತ್ತಿತ್ತು. ಒರೆಸಿಕೊಳ್ಳುವ ಹಾಗಿರಲಿಲ್ಲ, 'ಕಣ್ಣಿಗೆ ಕೈ ಹಚ್ಚಬ್ಯಾಡ್ರಿ ಅಜ್ಜಾರ' ಎಂದು ನರ್ಸು ಬೈದು ಹೋಗಿದ್ದಳು.

ಹಿರಿಯರನ್ನು ಕರೆದುಕೊಂಡು ಹುಡುಗ ಬರುತ್ತಾನಂತೆ. ಬರಲಿ. ಆ ದಿನ ತಾನು ಮೀಸೆ ತಿರುವಿ, "ಯಾವೂರಪಾ? ಯಾರ ಪೈಕಿ?" ಎಂದು ಮೊದಲಿನಿಂದ ವಿಚಾರಿಸಬೇಕು. ಮಗಳು ಬಾಗಿಲ ಹಿಂದೆ ನಿಂತು ಅಪ್ಪ ಏನೆನ್ನುತ್ತಾನೋ ಎಂದು ಜೀವ ಹಿಡಿದುಕೊಂಡಿರಬೇಕು. ಆ ಸಂಭ್ರಮವನ್ನು ಅವಳಿಂದ ಕಸಿಯಲು ಅವನಿಗೆ ಮನಸ್ಸು ಬರಲಿಲ್ಲ.

ಇವತ್ತು ಕೇಳಿದ್ದನ್ನು ಯಾರಿಗೂ ಹೇಳುವುದಿಲ್ಲ ಎಂದು ಪ್ರಭುಲಿಂಗಪ್ಪ ನಿಶ್ಚಯಿಸಿದ. ಮಗಳಿಗಂತೂ ಎಂದಿಗೂ ಇಲ್ಲ.

ಬಾಯಿ ಸ್ವಲ್ಪ ತೆರೆದು, ಮೆಲ್ಲಗೆ ಗೊರಕೆ ಹೊಡೆಯತೊಡಗಿದ.